ಸೂಜಿ ಚುಚ್ಚಿದರೆ ಬಾಗಿದ ಬೆರಳು ಶಾಶ್ವತವಾಗಿ ನೆಟ್ಟಗಾಗುತ್ತದೆಯೇ?

ಈ ಬಗೆಯ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಉಂಗುರ ಬೆರಳು ಅಂಗೈ ಕಡೆಗೆ ಬಾಗಿ ನಿಂತ ಒಂದು ಕೈ. ಕೈಗವಸು ಹಾಕಿದ ವೈದ್ಯರು ಅಂಗೈಯ ಮೂರು ನಾಲ್ಕು ಕಡೆ ಸಣ್ಣ ಸೂಜಿ ಚುಚ್ಚುತ್ತಾರೆ. ಆಮೇಲೆ ಬೆರಳನ್ನು ಹಿಡಿದು ಹಿಂದಕ್ಕೆ ಒತ್ತುತ್ತಾರೆ. 'ಟಪ್' ಎಂದು ಸದ್ದಾಗಿ ಬೆರಳು ನೆಟ್ಟಗಾಗುತ್ತದೆ. ಕೆಳಗೆ ಬರಹ: 'ಆಪರೇಷನ್ ಬೇಡ, ಹದಿನೈದು ನಿಮಿಷದಲ್ಲಿ ಶಾಶ್ವತ ಪರಿಹಾರ, ಎಲ್ಲರಿಗೂ ಕಳಿಸಿ.'

ವಿಡಿಯೋದಲ್ಲಿ ಕಾಣುವುದು ಸುಳ್ಳಲ್ಲ. ಬೆರಳು ನಿಜವಾಗಿಯೂ ಹಾಗೆ ನೆಟ್ಟಗಾಗುತ್ತದೆ. ಸುಳ್ಳಿರುವುದು 'ಶಾಶ್ವತ' ಎಂಬ ಒಂದು ಪದದಲ್ಲಿ. ಮರುದಿನ ಬೆಳಿಗ್ಗೆ ಆ ಕೈ ಹೇಗಿತ್ತು, ಮೂರು ತಿಂಗಳ ಮೇಲೆ ಏನಾಯಿತು, ಮೂರು ವರ್ಷದ ಮೇಲೆ ಏನಾಯಿತು ಎಂಬುದು ವಿಡಿಯೋದಲ್ಲಿ ಇರುವುದಿಲ್ಲ. ಈ ಚಿಕಿತ್ಸೆ ಮಾಡಿಸಿಕೊಂಡವರಿಗೆ, ಮಾಡಿಸಿಕೊಳ್ಳಲು ಯೋಚಿಸುತ್ತಿರುವವರಿಗೆ ಬೇಕಾದದ್ದು ಆ ಭಾಗವೇ.

ಈ ಕಾಯಿಲೆಯ ಹೆಸರು ಡ್ಯುಪ್ಯುಟ್ರೆನ್ ಕಾಂಟ್ರಾಕ್ಚರ್. ಪ್ಯಾರಿಸ್ಸಿನ ಶಸ್ತ್ರವೈದ್ಯ ಗಿಯೋಮ್ ಡ್ಯುಪ್ಯುಟ್ರೆನ್ 1831ರಲ್ಲಿ ಇದರ ಶಸ್ತ್ರಚಿಕಿತ್ಸೆಯನ್ನು ವಿವರಿಸಿ ಪಾಠ ಮಾಡಿದ್ದರಿಂದ ಅವರ ಹೆಸರೇ ಉಳಿಯಿತು. ಉತ್ತರ ಯುರೋಪಿನ ಮೂಲದವರಲ್ಲಿ ಬಹಳ ಸಾಮಾನ್ಯ. ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ 1986ರಲ್ಲಿ, ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1989ರ ಜನವರಿಯಲ್ಲಿ ಇದಕ್ಕಾಗಿಯೇ ಕೈಯ ಆಪರೇಷನ್ ಮಾಡಿಸಿಕೊಂಡರು. ನಮ್ಮಲ್ಲಿ ಅಷ್ಟು ಸಾಮಾನ್ಯವಲ್ಲ. ಆದರೆ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ, ಮತ್ತು ಸಕ್ಕರೆ ಕಾಯಿಲೆಗೆ ನಮ್ಮ ಊರುಗಳಲ್ಲಿ ಬರವಿಲ್ಲ.

ವಿಷಯ ಕೈಗೆ ಹತ್ತಿರವಾಗಲಿ ಎಂದು ಒಬ್ಬರನ್ನು ಊಹಿಸಿಕೊಳ್ಳೋಣ. ಮೂಡುಬಿದಿರೆಗೂ ಬೆಳ್ತಂಗಡಿಗೂ ನಡುವೆ ಇರುವ ವೇಣೂರಿನಲ್ಲಿ ಅಡಿಕೆ ತೋಟ ಇರುವ, ಅರುವತ್ತೆರಡು ವರ್ಷದ ಕೃಷಿಕರು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಬಲಗೈಯ ಉಂಗುರ ಬೆರಳು ನಿಧಾನಕ್ಕೆ ಬಾಗುತ್ತಾ ಬಂದು ಈಗ ಮುಖ ತೊಳೆಯುವಾಗ ಕಣ್ಣಿಗೆ ತಾಗುತ್ತದೆ, ಅನ್ನ ಕಲಸುವಾಗ ಅಡ್ಡ ಬರುತ್ತದೆ, ಜೇಬಿಗೆ ಕೈ ಹಾಕಿದರೆ ಸಿಕ್ಕಿಕೊಳ್ಳುತ್ತದೆ. ಇವರು ಯಾರೂ ಅಲ್ಲ, ನಮ್ಮ ಉದಾಹರಣೆಗೆ ಮಾತ್ರ. ಆದರೆ ಇವರ ಮನೆಯ ವಾಟ್ಸಾಪ್ ಗುಂಪಿಗೆ ಆ ವಿಡಿಯೋ ಬಂದರೆ ಏನಾಗುತ್ತದೆ ಎಂದು ನಿಮಗೂ ಗೊತ್ತು. ಒಬ್ಬರು 'ಎಂತದ್ದು ಮಾರಾಯ್ರೆ, ಸೂಜಿ ಹಾಕಿಸಿಕೊಂಡರೆ ಮುಗಿಯಿತಲ್ಲ' ಎನ್ನುತ್ತಾರೆ. ಇನ್ನೊಬ್ಬರು ಎಣ್ಣೆ ಕಾಯಿಸಿ ತಿಕ್ಕಿ ಎನ್ನುತ್ತಾರೆ. ಮೂರನೆಯವರು ಇದು ಲಕ್ವ ಹೊಡೆಯುವ ಮುನ್ಸೂಚನೆ ಎಂದು ಹೆದರಿಸುತ್ತಾರೆ.

ಅಂಗೈಯೊಳಗೆ ಆಗುವುದೇನು

ಅಂಗೈಯ ಚರ್ಮದ ಅಡಿಯಲ್ಲಿ ಗಟ್ಟಿಯಾದ ಒಂದು ಪೊರೆ ಇದೆ. ನಾವು ಏನನ್ನಾದರೂ ಬಿಗಿಯಾಗಿ ಹಿಡಿದಾಗ ಚರ್ಮ ಜಾರದಂತೆ ನೋಡಿಕೊಳ್ಳುವುದು ಅದರ ಕೆಲಸ. ಗಾಯವಾದಾಗ ಅದರ ಅಂಚುಗಳನ್ನು ಎಳೆದು ಹತ್ತಿರ ತರುವ ಒಂದು ಜಾತಿಯ ಕೋಶಗಳು ನಮ್ಮ ಮೈಯಲ್ಲಿವೆ. ಗಾಯ ಮಾಗಿದ ಮೇಲೆ ಅವು ಸುಮ್ಮನಾಗಬೇಕು. ಈ ಕಾಯಿಲೆಯಲ್ಲಿ ಗಾಯವೇ ಇಲ್ಲದ ಅಂಗೈ ಪೊರೆಯಲ್ಲಿ ಅವು ಎಚ್ಚರಗೊಂಡು ಎಳೆಯುತ್ತಲೇ ಇರುತ್ತವೆ, ಹೊಸ ನಾರು ನೇಯುತ್ತಲೇ ಇರುತ್ತವೆ. ಮೊದಲು ಅಂಗೈಯಲ್ಲಿ ಒಂದು ಸಣ್ಣ ಗಂಟು, ಅದರ ಪಕ್ಕದಲ್ಲಿ ಚರ್ಮ ಗುಳಿ ಬೀಳುವುದು, ಆಮೇಲೆ ಗಂಟಿನಿಂದ ಬೆರಳಿನ ಕಡೆಗೆ ಒಂದು ಹುರಿ. ಹುರಿ ಗಿಡ್ಡವಾಗುತ್ತಾ ಹೋದಂತೆ ಬೆರಳು ಬಾಗುತ್ತದೆ. ಸಾಮಾನ್ಯವಾಗಿ ಉಂಗುರ ಬೆರಳು ಮತ್ತು ಕಿರುಬೆರಳು. ಹೆಚ್ಚಿನವರಿಗೆ ನೋವಿರುವುದಿಲ್ಲ. ಆ ಗಂಟು ಕ್ಯಾನ್ಸರ್ ಅಲ್ಲ.

ಎಳೆಯುತ್ತಿರುವುದು ನರವಲ್ಲ, ಬೆರಳನ್ನು ಆಡಿಸುವ ಟೆಂಡನ್ ಕೂಡ ಅಲ್ಲ. ಊರಲ್ಲಿ 'ನರ ಎಳೆದಿದೆ' ಎನ್ನುವುದು ಮಾತಿನ ರೂಢಿ ಅಷ್ಟೆ. ಹಾಗಾಗಿ ಇದಕ್ಕೂ ಲಕ್ವಕ್ಕೂ ಸಂಬಂಧವಿಲ್ಲ. ಲಕ್ವ ನಿಮಿಷಗಳಲ್ಲಿ ಬರುತ್ತದೆ, ಇದು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ.

ಕಾರಣದಲ್ಲಿ ದೊಡ್ಡ ಪಾಲು ವಂಶದ್ದು. ವಯಸ್ಸು, ಗಂಡಸಾಗಿರುವುದು, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಅತಿಯಾದ ಕುಡಿತ ಇವೆಲ್ಲ ಜೊತೆ ಸೇರುತ್ತವೆ. ಸಾಮಾನ್ಯ ಕೈಕೆಲಸದಿಂದ ಬರುತ್ತದೆಯೇ ಎಂಬ ಚರ್ಚೆ ಡ್ಯುಪ್ಯುಟ್ರೆನ್ ಕಾಲದಿಂದ ನಡೆದಿದೆ. ಒಂದು ವಿಷಯದಲ್ಲಿ ಮಾತ್ರ ಈಗ ಒಪ್ಪಿಗೆ ಹೆಚ್ಚಿದೆ: ವರ್ಷಗಟ್ಟಲೆ ಅದುರುವ ಯಂತ್ರ ಹಿಡಿಯುವುದು. ಬ್ರಿಟನ್ ಸರ್ಕಾರ 2019ರಲ್ಲಿ ಅದುರುವ ಯಂತ್ರಗಳನ್ನು ಬಹುಕಾಲ ಬಳಸಿದವರಿಗೆ ಬರುವ ಈ ಕಾಯಿಲೆಯನ್ನು ಕೆಲಸದಿಂದ ಬರುವ ರೋಗಗಳ ಪಟ್ಟಿಗೆ ಸೇರಿಸಿತು. ನಮ್ಮ ತೋಟಗಳಲ್ಲಿ ಹುಲ್ಲು ಕತ್ತರಿಸುವ ಮೆಷಿನ್, ಕೆಂಪುಕಲ್ಲಿನ ಕೋರೆಯ ಮೆಷಿನ್ ಹಿಡಿಯುವವರು ಇದನ್ನು ನೆನಪಿಡಬೇಕು.

ಬಾಗಿದ ಬೆರಳೆಲ್ಲ ಒಂದೇ ಕಾಯಿಲೆಯಲ್ಲ

ವಿಡಿಯೋ ಫಾರ್ವರ್ಡ್ ಮಾಡುವುದರಲ್ಲಿ ನನಗೆ ಕಾಣುವ ದೊಡ್ಡ ಅಪಾಯ ಇಲ್ಲಿದೆ. ಉಂಗುರ ಬೆರಳು ಮತ್ತು ಕಿರುಬೆರಳು ಬಾಗುವ ಇನ್ನೊಂದು ಕಾಯಿಲೆ ಕುಷ್ಠರೋಗ. ಅಲ್ಲಿ ಮೊಣಕೈ ಹಿಂದೆ ಹಾದುಹೋಗುವ ನರ ಹಾಳಾಗಿ ಕೈ ಪಂಜದಂತಾಗುತ್ತದೆ. ವ್ಯತ್ಯಾಸ ಗಮನಿಸಿ. ಡ್ಯುಪ್ಯುಟ್ರೆನ್‌ನಲ್ಲಿ ಅಂಗೈಯಲ್ಲಿ ಗಂಟು ಮತ್ತು ಹುರಿ ಕೈಗೆ ಸಿಗುತ್ತದೆ, ಸ್ಪರ್ಶಜ್ಞಾನ ಸರಿಯಿರುತ್ತದೆ, ಇನ್ನೊಂದು ಕೈಯಿಂದ ಎಳೆದರೂ ಬೆರಳು ನೆಟ್ಟಗಾಗುವುದಿಲ್ಲ. ನರ ಹಾಳಾದ ಕೈಯಲ್ಲಿ ಹುರಿ ಇರುವುದಿಲ್ಲ, ಬೆರಳಿನ ಬುಡದ ಗಿಣ್ಣು ಹಿಂದಕ್ಕೆ ಬಾಗಿ ನಡುಗಿಣ್ಣು ಮಾತ್ರ ಮಡಚಿಕೊಳ್ಳುತ್ತದೆ, ಕಿರುಬೆರಳಿನ ಕಡೆ ಜೋಮು ಹಿಡಿದಿರುತ್ತದೆ, ಶುರುವಿನ ದಿನಗಳಲ್ಲಿ ಇನ್ನೊಂದು ಕೈಯಿಂದ ಬೆರಳನ್ನು ಸುಲಭವಾಗಿ ನೆಟ್ಟಗೆ ಮಾಡಬಹುದು. ಕುಷ್ಠರೋಗಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧ ಇದೆ, ಪೂರ್ತಿ ಗುಣವಾಗುತ್ತದೆ. ತಡ ಮಾಡಿದರೆ ಕೈಯ ನಷ್ಟ ಮಾತ್ರ ಉಳಿದುಬಿಡುತ್ತದೆ.

ಬೆಳಿಗ್ಗೆ ಎದ್ದಾಗ ಬೆರಳು ಸಿಕ್ಕಿಹಾಕಿಕೊಂಡು ಆಮೇಲೆ 'ಟಕ್' ಎಂದು ಬಿಡಿಸಿಕೊಳ್ಳುವುದು ಟ್ರಿಗರ್ ಫಿಂಗರ್. ಅದರ ಚಿಕಿತ್ಸೆಯೇ ಬೇರೆ. ಸಕ್ಕರೆ ಕಾಯಿಲೆಯವರಲ್ಲಿ ಎಲ್ಲ ಬೆರಳುಗಳೂ ಸ್ವಲ್ಪ ಸ್ವಲ್ಪ ಬಿಗಿಯುವುದೂ ಉಂಟು. ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಬಾಹುಬಲಿಯ ಮುಂದೆ ಕೈಮುಗಿದು ನಿಂತಾಗ ಒಮ್ಮೆ ಕೈ ನೋಡಿಕೊಳ್ಳಿ. ಎರಡೂ ಅಂಗೈ, ಎಲ್ಲ ಬೆರಳು ಪೂರ್ತಿ ತಾಗದೆ ನಡುವೆ ಸಂದಿ ಉಳಿದರೆ ಅದು ಸಕ್ಕರೆ ಕಾಯಿಲೆಯ ಬಿಗಿತ ಇರಬಹುದು. ವೈದ್ಯರು ಕೂಡ ಈ ಕೈಮುಗಿಯುವ ಪರೀಕ್ಷೆಯನ್ನು ಬಳಸುತ್ತಾರೆ.

ಡ್ಯುಪ್ಯುಟ್ರೆನ್‌ಗೆ ಇರುವ ಮನೆಪರೀಕ್ಷೆ ಇನ್ನೂ ಸುಲಭ. ಅಂಗೈ ಕೆಳಗಾಗಿ ಮೇಜಿನ ಮೇಲೆ ಇಡಿ. ಅಂಗೈಯೂ ಬೆರಳೂ ಮೇಜಿಗೆ ತಾಗಿದರೆ ಚಿಕಿತ್ಸೆಗೆ ಅವಸರವಿಲ್ಲ. ಗಂಟು ಇದೆ ಎಂಬ ಒಂದೇ ಕಾರಣಕ್ಕೆ ಸೂಜಿಯೂ ಬೇಡ, ಕತ್ತಿಯೂ ಬೇಡ. ಬೆರಳಿನ ಅಡಿಯಲ್ಲಿ ಪೆನ್ಸಿಲ್ ತೂರುವಷ್ಟು ಜಾಗ ಉಳಿದರೆ ವೈದ್ಯರನ್ನು ಕಾಣುವ ಹೊತ್ತು.

ಸೂಜಿ ಮಾಡುವುದೇನು, ಮಾಡದೇ ಇರುವುದೇನು

ಹುರಿಯನ್ನು ಚರ್ಮದ ಅಡಿಯಲ್ಲೇ ಕತ್ತರಿಸುವ ಯೋಚನೆ ಹೊಸತಲ್ಲ. ಲಂಡನ್ನಿನ ಆಸ್ಟ್ಲಿ ಕೂಪರ್ 1822ರಲ್ಲೇ ಸಣ್ಣ ರಂಧ್ರದಿಂದ ತೆಳ್ಳಗಿನ ಅಲಗು ತೂರಿಸಿ ಕತ್ತರಿಸಬಹುದು ಎಂದು ಬರೆದಿದ್ದರು. ಅಲಗಿನ ಬದಲು ಇಂಜೆಕ್ಷನ್ ಸೂಜಿ ಬಳಸುವ ಈಗಿನ ಕ್ರಮವನ್ನು 1970ರ ದಶಕದಲ್ಲಿ ರೂಢಿಗೆ ತಂದದ್ದು ಫ್ರಾನ್ಸಿನ ಸಂಧಿವಾತ ತಜ್ಞರು. ಚರ್ಮಕ್ಕೆ ಮಾತ್ರ ಮರಗಟ್ಟುವ ಔಷಧ ಕೊಡುತ್ತಾರೆ. ಸೂಜಿಯ ಓರೆ ತುದಿಯಿಂದ ಹುರಿಯನ್ನು ಹಲವು ಕಡೆ ಕೊಯ್ದು ಬಲಗುಂದಿಸಿ, ಬೆರಳನ್ನು ಹಿಂದಕ್ಕೆ ಒತ್ತಿ ಅದನ್ನು ಹರಿಯುತ್ತಾರೆ. ನಡುನಡುವೆ 'ಬೆರಳು ಆಡಿಸಿ', 'ಕರೆಂಟು ಹೊಡೆದ ಹಾಗೆ ಆಯಿತೇ' ಎಂದು ಕೇಳುತ್ತಿರುತ್ತಾರೆ. ಸೂಜಿ ಟೆಂಡನ್‌ಗೋ ನರಕ್ಕೋ ತಾಗಿಲ್ಲ ಎಂದು ಖಚಿತ ಮಾಡಿಕೊಳ್ಳುವುದು ಹಾಗೆ. ಆದ್ದರಿಂದ ಆ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಉತ್ತರಿಸಬೇಕು, ಹಲ್ಲು ಕಚ್ಚಿ ಸಹಿಸಿಕೊಳ್ಳಬಾರದು.

ಈಗ ಮುಖ್ಯ ಮಾತು. ಸೂಜಿ ಹುರಿಯನ್ನು ತುಂಡರಿಸುತ್ತದೆ, ತೆಗೆದುಹಾಕುವುದಿಲ್ಲ. ತುಂಡಾದ ಹುರಿ, ಅದನ್ನು ನೇಯ್ದ ಕೋಶಗಳು, ಎರಡೂ ಅಂಗೈಯಲ್ಲೇ ಇರುತ್ತವೆ. ದೊಡ್ಡ ಆಪರೇಷನ್‌ನಲ್ಲಿ ಅಂಗೈ ತೆರೆದು ಹುರಿಯನ್ನೇ ಕತ್ತರಿಸಿ ತೆಗೆಯುತ್ತಾರೆ. ಹಾಗಾಗಿ ಅದರ ಗಾಯ ದೊಡ್ಡದು, ಚೇತರಿಕೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಹುರಿಯನ್ನು ಕರಗಿಸುವ ಕೊಲಾಜನೇಸ್ ಎಂಬ ಇಂಜೆಕ್ಷನ್ನೂ ಇದೆ. ಅಮೆರಿಕದಲ್ಲಿ 2010ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಯುರೋಪಿನ ಮಾರುಕಟ್ಟೆಯಿಂದ ಕಂಪನಿ 2020ರ ಹೊತ್ತಿಗೆ ಅದನ್ನು ವ್ಯಾಪಾರದ ಕಾರಣಕ್ಕೆ ಹಿಂತೆಗೆಯಿತು. ಕೆಲವು ಫಾರ್ವರ್ಡ್‌ಗಳಲ್ಲಿ ಈ ಇಂಜೆಕ್ಷನ್ನನ್ನೂ ಸೂಜಿಯಿಂದ ಕೊಯ್ಯುವುದನ್ನೂ ಒಂದೇ ಎಂಬಂತೆ ಬೆರೆಸಿಬಿಡುತ್ತಾರೆ. ಸೂಜಿ ಚಿಕಿತ್ಸೆಯಲ್ಲಿ ಹುರಿ ಕರಗಿಸುವ ಯಾವ ಔಷಧವೂ ಇಲ್ಲ.

ಇನ್ನೊಂದು ವಿಷಯ ಮೊದಲೇ ತಿಳಿದಿದ್ದರೆ ನಿರಾಸೆ ಕಡಿಮೆ. ಬುಡದ ಗಿಣ್ಣು ಬಾಗಿದ್ದರೆ ಸೂಜಿಯಿಂದ ಚೆನ್ನಾಗಿ ನೆಟ್ಟಗಾಗುತ್ತದೆ. ನಡುಗಿಣ್ಣು ಬಾಗಿ ಬಹಳ ಕಾಲವಾಗಿದ್ದರೆ ಆ ಕೀಲೇ ಗಟ್ಟಿಯಾಗಿರುತ್ತದೆ, ಹುರಿ ಹರಿದರೂ ಪೂರ್ತಿ ನೆಟ್ಟಗಾಗುವುದಿಲ್ಲ. ಅದು ವೈದ್ಯರ ತಪ್ಪಲ್ಲ.

ಮೊದಲ ದಿನ, ಮೊದಲ ವಾರ

ನಮ್ಮ ಕೃಷಿಕರು ಮಂಗಳೂರಿಗೋ ಮಣಿಪಾಲಕ್ಕೋ ಹೋಗಿ ಸೂಜಿ ಹಾಕಿಸಿಕೊಂಡು ಅದೇ ದಿನ ಸಂಜೆ ಮನೆಗೆ ಬಂದರು ಎಂದುಕೊಳ್ಳಿ. ಬಸ್ಸಿನಲ್ಲಿ ಬರುವಾಗ ಕೈಯನ್ನು ಕೆಳಗೆ ಜೋತುಬಿಡಬಾರದು. ಬೆರಳು ಮೇಲಾಗಿ ಎದೆಯ ಮಟ್ಟದಲ್ಲಿ ಇರಬೇಕು. ಮೊದಲ ಎರಡು ಮೂರು ದಿನದ ಬಾವು ಇಳಿಯುವುದು ಮುಖ್ಯವಾಗಿ ಇದರಿಂದಲೇ. ಜೊತೆಯಲ್ಲಿ ಮನೆಯವರು ಒಬ್ಬರಿದ್ದರೆ ಒಳ್ಳೆಯದು. ಆ ದಿನ ಬೈಕು, ಕಾರು ಓಡಿಸುವುದು ಬೇಡ. ಬೆರಳು ಮರಗಟ್ಟಿರುವಾಗ ಬಿಸಿ ಚಹಾ ಲೋಟ ಹಿಡಿದು ಕೈ ಸುಟ್ಟುಕೊಂಡರೂ ಗೊತ್ತಾಗುವುದಿಲ್ಲ.

ಉಂಗುರ ಇದ್ದರೆ ಆಸ್ಪತ್ರೆಗೆ ಹೋಗುವ ಮೊದಲೇ ತೆಗೆದಿಡಿ. ಬೆರಳು ನೆಟ್ಟಗಾದ ಖುಷಿಗೆ ಅದೇ ದಿನ ಹಾಕಿಕೊಳ್ಳಲು ಹೋಗಬೇಡಿ. ಬಾವು ಏರಿದರೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಮರಗಟ್ಟುವಿಕೆ ಕೆಲವು ಗಂಟೆಗಳಲ್ಲಿ ಹೋಗಬೇಕು. ಮರುದಿನವೂ ಬೆರಳ ತುದಿ ಜೋಮಾಗಿದ್ದರೆ ವೈದ್ಯರಿಗೆ ಫೋನು ಮಾಡಿ. ಹೆಚ್ಚಿನ ಸಲ ಅದು ಎಳೆತದಿಂದ ಆದ ತಾತ್ಕಾಲಿಕ ಜೋಮು, ವಾರಗಳಲ್ಲಿ ಸರಿಹೋಗುತ್ತದೆ. ಆದರೂ ತಿಳಿಸಬೇಕು. ಅಂಗೈ ನೀಲಿಗಟ್ಟುವುದು, ಮುಟ್ಟಿದರೆ ನೋಯುವುದು ಸಾಮಾನ್ಯ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ನೀಲಿ ಹೆಚ್ಚು ಕಾಣುತ್ತದೆ. ಆ ಮಾತ್ರೆಯ ವಿಷಯವನ್ನು ಚಿಕಿತ್ಸೆಗೆ ಮುಂಚೆಯೇ ಹೇಳಿರಬೇಕು, ಯಾರದೋ ಮಾತು ಕೇಳಿ ತಾವೇ ನಿಲ್ಲಿಸಲೂ ಬಾರದು.

ವರ್ಷಗಟ್ಟಲೆ ಮಡಚಿದ್ದ ಚರ್ಮ ಒಮ್ಮೆಲೇ ಹಿಗ್ಗಿದಾಗ ಗೆರೆಯ ಹತ್ತಿರ ಬಿರಿಯುವುದುಂಟು. ನೋಡಿದರೆ ಗಾಬರಿಯಾಗುತ್ತದೆ, 'ಸೂಜಿ ಅಂದರು, ಕೊಯ್ದೇ ಬಿಟ್ಟಿದ್ದಾರೆ' ಎಂದು ಮನೆಯಲ್ಲಿ ಮಾತು ಶುರುವಾಗುತ್ತದೆ. ಹೊಲಿಗೆ ಬೇಕಾಗುವುದು ಅಪರೂಪ. ಚೊಕ್ಕಟವಾಗಿ ಡ್ರೆಸ್ಸಿಂಗ್ ಮಾಡಿದರೆ ಒಂದೆರಡು ವಾರದಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ತಡವಾಗುತ್ತದೆ, ಕೀವು ಕಟ್ಟುವ ಅಪಾಯವೂ ಹೆಚ್ಚು. ಆ ದಿನಗಳಲ್ಲಿ ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿಕೊಳ್ಳುವುದು ಬೆರಳಿನ ಚಿಕಿತ್ಸೆಯ ಭಾಗವೇ.

ಗಾಯ ಒಣಗುವವರೆಗೆ ಅರಿಶಿನ, ಸುಣ್ಣ, ಎಲೆಯ ರಸ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಮಳೆಗಾಲವಾದರೆ ಇನ್ನೊಂದು ಎಚ್ಚರ. ದಕ್ಷಿಣ ಕನ್ನಡದಲ್ಲಿ ಮಳೆಗಾಲದ ಇಲಿಜ್ವರ ಗೊತ್ತಿರುವ ವಿಷಯ. ಆ ರೋಗಾಣು ಕೆಸರು ನೀರಿನಿಂದ ಚರ್ಮದ ಬಿರುಕಿನ ಮೂಲಕವೇ ಒಳಗೆ ಹೋಗುತ್ತದೆ. ಅಂಗೈಯಲ್ಲಿ ಹಸಿ ಬಿರುಕು ಇಟ್ಟುಕೊಂಡು ತೋಟದ ಕಣಿಯಲ್ಲಿ ಕೈ ಹಾಕುವುದು, ಹಟ್ಟಿಯ ಸೆಗಣಿ ಬಾಚುವುದು ಬೇಡ. ಸಾಧ್ಯವಿದ್ದರೆ ಚಿಕಿತ್ಸೆಯನ್ನೇ ಮಳೆ ಕಳೆದ ಮೇಲೆ, ಆದರೆ ಅಡಿಕೆ ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲು ಇಟ್ಟುಕೊಳ್ಳಬಹುದು. ತುರ್ತು ಕಾಯಿಲೆ ಅಲ್ಲವಾದ್ದರಿಂದ ಒಂದೆರಡು ತಿಂಗಳು ಆಚೀಚೆ ಆದರೆ ನಷ್ಟವಿಲ್ಲ.

ಈ ಲಕ್ಷಣಗಳಿದ್ದರೆ ಮಾತ್ರ ಕಾಯಬಾರದು: ಕೆಂಪು ಹರಡುತ್ತಾ ಹೋಗುವುದು, ಕೀವು, ಜ್ವರ, ಬೆರಳು ಬಿಳಿಚಿಕೊಂಡು ತಣ್ಣಗಾಗುವುದು, ಬೆರಳ ತುದಿಯನ್ನು ಮಡಚಲು ಒಮ್ಮೆಲೇ ಆಗದೇ ಹೋಗುವುದು, ಇದು ಟೆಂಡನ್ ತುಂಡಾದ ಸೂಚನೆ ಇರಬಹುದು, ಅಪರೂಪ, ದಿನ ಕಳೆದಂತೆ ನೋವು ಇಳಿಯುವ ಬದಲು ಏರುತ್ತಾ ಇಡೀ ಕೈ ಬಾತು ಬೆವರುವುದು.

ಬೆರಳು ಮಡಚಲು ಹೆದರಬೇಡಿ

ಚಿಕಿತ್ಸೆ ಆದವರು ಮಾಡುವ ದೊಡ್ಡ ತಪ್ಪು ಒಂದಿದೆ. ಕಷ್ಟಪಟ್ಟು ನೆಟ್ಟಗೆ ಮಾಡಿದ ಬೆರಳು ಮತ್ತೆ ಬಾಗಿಬಿಟ್ಟರೆ ಎಂದು ಹೆದರಿ ಅದನ್ನು ಕೋಲಿನ ಹಾಗೆ ಹಿಡಿದುಕೊಂಡೇ ಓಡಾಡುವುದು. ಬಾಗಿಸಿದ್ದು ಹುರಿ, ನಾವು ಮುಷ್ಟಿ ಕಟ್ಟಿದ್ದರಿಂದ ಬೆರಳು ಬಾಗಿದ್ದಲ್ಲ. ಆಡಿಸದೆ ಬಿಟ್ಟರೆ ಬೆರಳು ಇನ್ನೊಂದು ದಿಕ್ಕಿನಲ್ಲಿ ಗಟ್ಟಿಯಾಗುತ್ತದೆ. ನೆಟ್ಟಗಿದೆ, ಆದರೆ ಮುಷ್ಟಿ ಕಟ್ಟಲು ಬರುವುದಿಲ್ಲ. ಕತ್ತಿ ಹಿಡಿಯುವವರಿಗೆ, ಹಾಲು ಕರೆಯುವವರಿಗೆ, ಬೀಡಿ ಸುತ್ತುವವರಿಗೆ ಅದು ಬಾಗಿದ ಬೆರಳಿಗಿಂತ ಕಷ್ಟ.

ವ್ಯಾಯಾಮ ಸರಳ. ಮರುದಿನದಿಂದಲೇ, ವೈದ್ಯರು ಬೇಡ ಎನ್ನದಿದ್ದರೆ, ಗಂಟೆಗೊಮ್ಮೆ ಎಂಬಂತೆ ನಾಲ್ಕೈದು ಸಲ ಬೆರಳುಗಳನ್ನು ಪೂರ್ತಿ ಮಡಚಿ ಮುಷ್ಟಿ ಕಟ್ಟುವುದು, ಆಮೇಲೆ ಪೂರ್ತಿ ಬಿಡಿಸುವುದು. ಮೇಜಿನ ಮೇಲೆ ಅಂಗೈ ಚಪ್ಪಟೆಯಾಗಿ ಇಟ್ಟು ಒಂದೊಂದೇ ಬೆರಳು ಎತ್ತುವುದು. ಇನ್ನೊಂದು ಕೈಯಿಂದ ಮೆಲ್ಲಗೆ ಹಿಂದಕ್ಕೆ ಒತ್ತಿ ಹತ್ತು ಎಣಿಸುವುದು. ಮೆಲ್ಲಗೆ ಎಂದರೆ ಮೆಲ್ಲಗೇ. 'ಇನ್ನೂ ಸ್ವಲ್ಪ ನೆಟ್ಟಗಾಗಲಿ' ಎಂದು ಮನೆಯವರು ಜೋರಾಗಿ ಎಳೆದರೆ ಬಾವು ಏರಿ, ಒಳಗೆ ಹೊಸ ಕಲೆ ಕಟ್ಟಿ, ಇದ್ದದ್ದೂ ಹೋಗುತ್ತದೆ. ಫಿಸಿಯೋಥೆರಪಿಸ್ಟರ ಹತ್ತಿರ ಎರಡು ಮೂರು ಸಲ ಹೋಗಿ ಕಲಿತರೆ ಮನೆಯಲ್ಲೇ ಮುಂದುವರಿಸಬಹುದು. ಮಂಗಳೂರಿನಲ್ಲೂ ಮೂಡುಬಿದಿರೆಯಲ್ಲೂ ಫಿಸಿಯೋಥೆರಪಿ ಕಾಲೇಜುಗಳೇ ಇರುವುದರಿಂದ ವೇಣೂರಿನವರಿಗೆ ಇದು ದೂರದ ಮಾತಲ್ಲ.

ರಾತ್ರಿ ಕಟ್ಟುವ ಸ್ಪ್ಲಿಂಟ್ ಬಗ್ಗೆ ಎರಡು ಮಾತು. ಬೆರಳು ನೆಟ್ಟಗೆ ನಿಲ್ಲುವಂತೆ ಕೈಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಇದು. ಕೆಲವು ವಾರದಿಂದ ಕೆಲವು ತಿಂಗಳವರೆಗೆ ಮಲಗುವಾಗ ಕಟ್ಟಿಕೊಳ್ಳಿ ಎಂದು ಅನೇಕ ವೈದ್ಯರು ಹೇಳುತ್ತಾರೆ. ಇದರಿಂದ ಎಷ್ಟು ಲಾಭ? 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ದೊಡ್ಡ ಆಪರೇಷನ್ ಆದ 154 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಎಲ್ಲರಿಗೂ ರಾತ್ರಿ ಸ್ಪ್ಲಿಂಟ್ ಕೊಟ್ಟರು. ಇನ್ನೊಂದರಲ್ಲಿ ಬೆರಳು ಮತ್ತೆ ಬಾಗಲು ಶುರುವಾದವರಿಗೆ ಮಾತ್ರ ಕೊಟ್ಟರು. ವರ್ಷದ ಕೊನೆಗೆ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಅದು ಸೂಜಿ ಚಿಕಿತ್ಸೆಯವರ ಮೇಲೆ ನಡೆದದ್ದಲ್ಲ, ಹಾಗಾಗಿ ನಿಮ್ಮ ವೈದ್ಯರು ಕಟ್ಟಿಕೊಳ್ಳಿ ಎಂದರೆ ಕಟ್ಟಿಕೊಳ್ಳಿ. ಒಂದು ರಾತ್ರಿ ಮರೆತರೆ ಚಿಕಿತ್ಸೆಯೇ ಹಾಳಾಯಿತು ಎಂದು ಕೊರಗುವುದು ಬೇಡ. ಬೆಳಿಗ್ಗೆ ಬೆರಳು ಕೆಂಪಾಗಿ ನೋಯುತ್ತಿದ್ದರೆ ಪಟ್ಟಿ ಬಿಗಿಯಾಗಿದೆ ಎಂದರ್ಥ. ಹಗಲಿಡೀ ಕಟ್ಟಿಕೊಂಡಿರುವುದು ಮಾತ್ರ ಸರಿಯಲ್ಲ, ಕಾರಣ ಮೇಲೆ ಹೇಳಿದ್ದೇ.

ತೋಟಕ್ಕೆ ಇಳಿಯುವುದು ಯಾವಾಗ

ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು, ಮೊಬೈಲು ಹಿಡಿಯುವುದು ಒಂದೆರಡು ದಿನದಲ್ಲೇ ಆಗುತ್ತದೆ. ಚರ್ಮ ಬಿರಿಯದಿದ್ದರೆ ಒಂದು ವಾರದಲ್ಲಿ ಹೆಚ್ಚಿನ ಹಗುರ ಕೆಲಸಕ್ಕೆ ತೊಂದರೆಯಿಲ್ಲ. ಸೂಜಿಯ ನಿಜವಾದ ಲಾಭ ಇದೇ, ಮತ್ತು ದಿನಗೂಲಿ ಮಾಡುವವರಿಗೆ ಇದು ಸಣ್ಣ ಲಾಭವಲ್ಲ. ದೊಡ್ಡ ಆಪರೇಷನ್ ಎಂದರೆ ತಿಂಗಳ ಕೂಲಿ ಹೋಗಬಹುದು.

ಬಿಗಿಯಾಗಿ ಹಿಡಿಯುವ ಕೆಲಸಗಳಿಗೆ ಇನ್ನೂ ಒಂದು ವಾರ ಸೇರಿಸಿಕೊಳ್ಳಿ. ಅಡಿಕೆ ಸುಲಿಯುವುದು, ದೋಟಿ ಹಿಡಿದು ಗೊನೆ ಎಳೆಯುವುದು, ಹಾರೆ ಪಿಕಾಸಿ, ನಸುಕಿನಲ್ಲಿ ರಬ್ಬರ್ ಟ್ಯಾಪಿಂಗ್, ಇವೆಲ್ಲ ಅಂಗೈಯ ಅದೇ ಜಾಗಕ್ಕೆ ಒತ್ತಡ ಹಾಕುವ ಕೆಲಸಗಳು. ಶುರು ಮಾಡುವಾಗ ಕತ್ತಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಅಂಗೈಗೆ ಸುಖ. ಹುಲ್ಲು ಕತ್ತರಿಸುವ ಮೆಷಿನ್ನಿಗೆ ಮಾತ್ರ ಅವಸರ ಮಾಡಬೇಡಿ. ಅದುರುವಿಕೆಗೂ ಈ ಕಾಯಿಲೆಗೂ ಇರುವ ನಂಟನ್ನು ನೋಡಿದರೆ, ಮನೆಯಲ್ಲಿ ಬೇರೆ ಕೈ ಇದ್ದರೆ ಆ ಕೆಲಸ ಅವರಿಗೆ ಬಿಟ್ಟುಕೊಡುವುದು ಜಾಣತನ. ಇದು ನನ್ನ ಅಭಿಪ್ರಾಯ. ಮೆಷಿನ್ ಬಿಟ್ಟವರಲ್ಲಿ ಬೆರಳು ಮತ್ತೆ ಬಾಗುವುದಿಲ್ಲ ಎಂದು ಯಾರೂ ಖಾತರಿ ಕೊಡಲಾರರು.

ಹಾಗಾದರೆ ಮತ್ತೆ ಬಾಗುತ್ತದೆಯೇ?

ಬಹಳಷ್ಟು ಜನರಲ್ಲಿ ಬಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಸೂಜಿ ಮತ್ತು ಆಪರೇಷನ್ ಎರಡನ್ನೂ ಹೋಲಿಸಿ ಐದು ವರ್ಷ ಹಿಂಬಾಲಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಸೂಜಿ ಹಾಕಿಸಿಕೊಂಡವರಲ್ಲಿ ಸುಮಾರು ಶೇ. 85ರಷ್ಟು, ಆಪರೇಷನ್ ಆದವರಲ್ಲಿ ಸುಮಾರು ಶೇ. 21ರಷ್ಟು ಕೈಗಳಲ್ಲಿ ಐದು ವರ್ಷದೊಳಗೆ ಬೆರಳು ಗಣನೀಯವಾಗಿ ಮತ್ತೆ ಬಾಗಿತ್ತು. ಫಿನ್ಲೆಂಡಿನ ಸುಮಾರು 300 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸ್ಪಷ್ಟ. ಸೂಜಿ, ಕೊಲಾಜನೇಸ್, ಆಪರೇಷನ್ ಮೂರನ್ನೂ ಹೋಲಿಸಿದರು. ಮೂರು ತಿಂಗಳ ಹೊತ್ತಿಗೆ ಮೂರೂ ಹೆಚ್ಚುಕಡಿಮೆ ಸಮ, ಹತ್ತರಲ್ಲಿ ಏಳು ಮಂದಿಗೆ ಒಳ್ಳೆಯ ಫಲ. ಎರಡು ವರ್ಷದ ಹೊತ್ತಿಗೆ ಆಪರೇಷನ್ ಆದವರಲ್ಲಿ ಶೇ. 78, ಸೂಜಿಯವರಲ್ಲಿ ಶೇ. 50 ಮಂದಿಗೆ ಮಾತ್ರ ಆ ಫಲ ಉಳಿದಿತ್ತು.

ವಿಡಿಯೋ ತೆಗೆದದ್ದು ಮೊದಲ ದಿನ. ಅಂಕಿ ಅಂಶ ಹೇಳುತ್ತಿರುವುದು ಎರಡನೇ ವರ್ಷದ, ಐದನೇ ವರ್ಷದ ಕಥೆ. ಎರಡೂ ನಿಜವಾಗಲು ಸಾಧ್ಯವಾಗುವುದು ಹಾಗೆ.

ಈ ಅಂಕಿ ನೋಡಿ 'ಹಾಗಾದರೆ ಸೂಜಿ ದಂಡ' ಎಂದು ಇನ್ನೊಂದು ಫಾರ್ವರ್ಡ್ ಹೊರಡಿಸುವುದೂ ಬೇಡ. ಬೆರಳು ಮತ್ತೆ ಬಾಗುವುದೆಂದರೆ ಮೊದಲಿನಷ್ಟೇ ಬಾಗಿತು ಎಂದಲ್ಲ. ಬಾಗಿದರೂ ಸೂಜಿಯನ್ನು ಎರಡನೇ ಸಲ ಹಾಕಿಸಿಕೊಳ್ಳಬಹುದು, ಬೇಕೆನಿಸಿದರೆ ಆಗ ಆಪರೇಷನ್ನಿಗೂ ಹೋಗಬಹುದು. ನೆದರ್ಲೆಂಡ್ಸ್ ಅಧ್ಯಯನದಲ್ಲೂ ಮತ್ತೆ ಬಾಗಿದರೆ ಸೂಜಿಯೇ ಸಾಕು ಎಂದವರು ಅನೇಕರು. ಎಪ್ಪತ್ತೈದು ದಾಟಿದವರಿಗೆ, ಹೃದಯದ ತೊಂದರೆ ಇರುವವರಿಗೆ, ತಿಂಗಳುಗಟ್ಟಲೆ ಕೆಲಸ ಬಿಡಲಾಗದವರಿಗೆ ಎರಡು ಮೂರು ವರ್ಷದ ನೆಟ್ಟಗಿನ ಬೆರಳು ದೊಡ್ಡ ವಿಷಯವೇ. ಐವತ್ತರೊಳಗಿನವರಿಗೆ, ತಂದೆಗೂ ಅಣ್ಣನಿಗೂ ಇದೇ ಕಾಯಿಲೆ ಇದ್ದವರಿಗೆ, ನಡುಗಿಣ್ಣು ಬಾಗಿದವರಿಗೆ ಲೆಕ್ಕ ಬೇರೆ ಆಗಬಹುದು. ಅದನ್ನು ವೈದ್ಯರ ಜೊತೆ ಕೂತು ಹಾಕಬೇಕು, ಗುಂಪಿನಲ್ಲಿ ಅಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಕೈ ಶಸ್ತ್ರಚಿಕಿತ್ಸೆಗೆಂದೇ ವಿಭಾಗ ಇದೆ. ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಮೂಳೆ ಅಥವಾ ಪ್ಲಾಸ್ಟಿಕ್ ಸರ್ಜರಿ ವಿಭಾಗದವರು ನೋಡುತ್ತಾರೆ. ಹೋಗುವ ಮೊದಲು 'ಸೂಜಿಯಿಂದ ಮಾಡುತ್ತೀರಾ' ಎಂದು ಫೋನಿನಲ್ಲೇ ಕೇಳಿಕೊಂಡರೆ ಒಂದು ಓಡಾಟ ಉಳಿಯುತ್ತದೆ, ಎಲ್ಲರೂ ಮಾಡುವುದಿಲ್ಲ.

ಎಣ್ಣೆ ತಿಕ್ಕುವುದರ ವಿಷಯ ಬಾಕಿ ಇದೆ. ಗಾಯ ಪೂರ್ತಿ ಒಣಗಿದ ಮೇಲೆ ತೆಂಗಿನೆಣ್ಣೆ ಹಚ್ಚಿ ಮೆಲ್ಲಗೆ ತೀಡಿದರೆ ಚರ್ಮ ಮೆದುವಾಗುತ್ತದೆ, ಕೈಗೆ ಹಿತವಾಗುತ್ತದೆ. ಅಷ್ಟಕ್ಕೆ ಅಡ್ಡಿಯಿಲ್ಲ. ಯಾವ ಎಣ್ಣೆಯೂ ಚರ್ಮದ ಅಡಿಯ ಹುರಿಯನ್ನು ಕರಗಿಸುವುದಿಲ್ಲ. ಗಂಟನ್ನು ಒಡೆಯುತ್ತೇನೆಂದು ಹೆಬ್ಬೆರಳಿನಿಂದ ಜಜ್ಜಿ ತಿಕ್ಕುವುದು ಆ ಕೋಶಗಳಿಗೆ ಇನ್ನೊಂದು ಗಾಯ ಕೊಟ್ಟಂತೆ, ಅಷ್ಟೆ.

ನಮ್ಮ ವೇಣೂರಿನ ಕೃಷಿಕರಿಗೆ ಹೇಳುವುದಾದರೆ, ಚಿಕಿತ್ಸೆಯ ಹಿಂದಿನ ದಿನ ಅಂಗೈಯನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಹುಣ್ಣಿಮೆಗೊಮ್ಮೆಯೋ ತಿಂಗಳ ಮೊದಲ ದಿನವೋ, ನೆನಪಿರುವ ಒಂದು ದಿನ, ಅದೇ ಮೇಜಿನ ಮೇಲೆ ಅದೇ ಕಡೆಯಿಂದ ಇನ್ನೊಂದು. ಮತ್ತೆ ಬಾಗುವುದು ಇಷ್ಟು ನಿಧಾನಕ್ಕೆ ನಡೆಯುತ್ತದೆಂದರೆ ದಿನವೂ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ, ಸಾಲಾಗಿಟ್ಟ ಫೋಟೋಗಳಲ್ಲಿ ಗೊತ್ತಾಗುತ್ತದೆ. ಎಡಗೈಯದ್ದೂ ತೆಗೆಯಿರಿ, ಈ ಕಾಯಿಲೆ ಅನೇಕರಲ್ಲಿ ಎರಡೂ ಕೈಗೆ ಬರುತ್ತದೆ. ಬುಡದ ಗಿಣ್ಣು ಮತ್ತೆ ಬಾಗಿ ಬೆರಳಿನ ಅಡಿಯಲ್ಲಿ ಪೆನ್ಸಿಲ್ ತೂರುವಂತಾದ ದಿನ ಆ ಫೋಟೋಗಳನ್ನು ವೈದ್ಯರಿಗೆ ತೋರಿಸಿ. ನಡುಗಿಣ್ಣು ಬಾಗಲು ಶುರುವಾದರೆ ಪೆನ್ಸಿಲ್ ತೂರುವವರೆಗೂ ಕಾಯಬೇಡಿ.